ಟಿಣ್ ಅನ್ನುವ ಆ್ಯಪ್

"ಟಿಣ್!"

ತಾರಸಿಯ ಮೇಲೆ ಒಣಹಾಕಿದ್ದ ಬೆಡ್‌ಶೀಟುಗಳ ನಡುವೆ ಆ ಸದ್ದು ಕೇಳಿದ್ದೇ ತಡ, ಮಕ್ಕಳೆಲ್ಲ ಗುಬ್ಬಿಯ ಕೈಯಲ್ಲಿದ್ದ ಫೋನಿಗೆ ಮುತ್ತಿಕೊಂಡರು.

"ಇನ್ನೊಂದ್ಸಲ ಅನ್ಸೇ, ಪ್ಲೀಸ್!"

ಗುಬ್ಬಿ ಆ್ಯಪನ್ನು ಮುಚ್ಚಿ ಮತ್ತೆ ತೆರೆದಳು. ಟಿಣ್! ಸ್ಟೀಲ್ ಲೋಟಕ್ಕೆ ಚಮಚ ಬಡಿದು ಅವಳೇ ರೆಕಾರ್ಡ್ ಮಾಡಿದ ಸದ್ದು ಅದು. ಆ್ಯಪ್ ಕೂಡ ಅವಳದೇ. ಅಕ್ಕ ಹೇಳಿಕೊಟ್ಟ ಹಾಗೆ, ಅಕ್ಕನ ಹಳೇ ಫೋನಿನಲ್ಲಿ, ರಜೆಯಿಡೀ ಕೂತು ಮಾಡಿದ್ದು. ಗೆಳೆಯರು ಸೇರಿ ಏನಾದರೂ ಕೊಂಡರೆ ಅದು ಖರ್ಚನ್ನು ಸಮನಾಗಿ ಹಂಚುತ್ತಿತ್ತು. ಕೊಟ್ಟವರ ಹೆಸರು ಹಸಿರು, ಕೊಡಬೇಕಾದವರ ಹೆಸರು ಕೆಂಪು.

ಮೊದಲ ಲೆಕ್ಕ ಗಾಳಿಪಟದ್ದು. ಗುಬ್ಬಿ, ಲಂಬು, ಚಿಟ್ಟೆ ಮೂವರೂ ಸೇರಿ ದೊಡ್ಡ ನೀಲಿ ಗಾಳಿಪಟ ಮಾಡುತ್ತಿದ್ದರು. ಕಾಗದ, ಕಡ್ಡಿ, ದಾರ ಎಲ್ಲ ಗುಬ್ಬಿ ಕೊಂಡು ತಂದಿದ್ದಳು. ಲಂಬು ತನ್ನ ಪಾಲು ಕೊಟ್ಟಾಗಿತ್ತು.

"ಕೆಂಪಲ್ಲಿರೋದು ಯಾರೇ?" ಎಂದಳು ಕೆಳಮನೆಯ ಪುಟ್ಟಿ.

"ಚಿಟ್ಟೆ! ನಾನು ಬಾಯೇ ಬಿಡಬೇಕಾಗಿಲ್ಲ ನೋಡು, ಆ್ಯಪೇ ಹೇಳತ್ತೆ." ಗುಬ್ಬಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ವಾಚ್‌ಮನ್ ಮಾಮನಿಗೆ ತೋರಿಸಿದಾಗ ಟಿಣ್. ಎದುರುಮನೆ ಆಂಟಿಗೆ ತೋರಿಸಿದಾಗ ಟಿಣ್. ಪ್ರತಿಸಲವೂ ಚಿಟ್ಟೆಯ ಹೆಸರು ಕೆಂಪಗೆ ಮಿನುಗುತ್ತಿತ್ತು. ಬೆಡ್‌ಶೀಟುಗಳ ಹಿಂದೆ ನಿಂತಿದ್ದ ಚಿಟ್ಟೆ ಯಾವಾಗ ಮೆಟ್ಟಿಲಿಳಿದು ಹೋದಳೋ, ಗುಬ್ಬಿ ನೋಡಲೇ ಇಲ್ಲ.

ಮರುದಿನ ಚಿಟ್ಟೆ ಬರಲಿಲ್ಲ.

"ಹೊಟ್ಟೆನೋವಂತೆ," ಎಂದ ಲಂಬು.

ಇಬ್ಬರೇ ಗಾಳಿಪಟ ಬಿಟ್ಟರು. ಅದು ಒಂದಿಷ್ಟು ಮೇಲೇರಿ, ಗಿರಗಿರ ತಿರುಗಿ, ನೀರಿನ ಟ್ಯಾಂಕಿನ ಮೇಲೆ ಬಿತ್ತು.

"ಬಾಲಂಗೋಚಿ ಇಲ್ವಲ್ಲ, ಪಾಪ, ತಲೆ ಸುತ್ತಿರಬೇಕು," ಎಂದ ಲಂಬು. "ಬಾಲ ನಾನು ತರ್ತೀನಿ ಅಂತ ಚಿಟ್ಟೆ ಹೇಳಿದ್ಲು ತಾನೇ?"

ಗುಬ್ಬಿ ಮೆಟ್ಟಿಲಿಳಿದು ಚಿಟ್ಟೆಯ ಮನೆಗೆ ಓಡಿದಳು.

ಚಿಟ್ಟೆಯ ಅಮ್ಮ ಟೈಲರ್. ಗುಬ್ಬಿಯನ್ನು ಕಂಡಿದ್ದೇ ಮೆಷಿನ್ ನಿಲ್ಲಿಸಿ, ಸ್ಟೂಲಿನ ಮೇಲೆ ಸೂಜಿ ಉಳಿದಿಲ್ಲ ತಾನೇ ಎಂದು ಅಂಗೈಯಿಂದ ಸವರಿ, "ಕೂತ್ಕೋ ಬಾಮ್ಮ," ಎಂದರು. "ಇವಳು ಆ ಬಾಲನ ನನ್ನ ಕೈಯಲ್ಲಿ ಮುಟ್ಟಿಸ್ಲೇ ಇಲ್ಲ. ಮೆಷಿನ್ನೂ ಬೇಡವಂತೆ. ಎಲ್ಲಾ ಕೈಹೊಲಿಗೆ!"

ಕಿಟಕಿಯ ಬಳಿ ಚಿಟ್ಟೆ ಕೂತಿದ್ದಳು. ಅವಳ ಮಡಿಲಿನಿಂದ ಬಣ್ಣಬಣ್ಣದ ಬಟ್ಟೆಚೂರುಗಳ ಉದ್ದನೆಯ ಬಾಲ ನೆಲಕ್ಕಿಳಿದು, ಬಿಸಿಲಿನಲ್ಲಿ ತೊರೆಯಂತೆ ಹರಿದಿತ್ತು.

"ಹೊಟ್ಟೆನೋವು?"

"ಹೋಯ್ತು." ಚಿಟ್ಟೆ ತಲೆಯೆತ್ತಲಿಲ್ಲ. ಆಮೇಲೆ ಮೆಲ್ಲಗೆ, "ನನ್ನ ಹೆಸರು ಇನ್ನೂ ಕೆಂಪಲ್ಲೇ ಇದೆಯಾ? ಅಮ್ಮಂಗೆ ಹೊಲಿಗೆ ದುಡ್ಡು ಬಂದ್ಮೇಲೆ ಕೊಡ್ತೀನಿ ಕಣೇ. ಅಲ್ಲೀವರೆಗೂ ಎಲ್ಲರ ಮುಂದೆ ಟಿಣ್ ಅನ್ನಿಸ್ಬೇಡ," ಎಂದಳು.

ಗುಬ್ಬಿ ಸ್ಪೀಕರಿಗೆ ಹೆಬ್ಬೆರಳು ಒತ್ತಿ ಹಿಡಿದು ಆ್ಯಪ್ ತೆರೆದಳು. ಬಾಲವನ್ನೂ ಲೆಕ್ಕಕ್ಕೆ ಸೇರಿಸಿದರೆ ಆಯಿತಲ್ಲ! 'ಬಾಲಂಗೋಚಿ' ಎಂದು ಬರೆದಳು.

'ಬೆಲೆ?' ಎಂದು ಕೇಳಿತು ಆ್ಯಪ್. ಅಂಕಿ ಹಾಕದೆ ಮುಂದೆ ಹೋಗದ ಹಾಗೆ ಅವಳೇ ಮಾಡಿದ್ದಳು.

ಗುಬ್ಬಿ ಬಾಲವನ್ನು ನೋಡಿದಳು. ಇರುವೆ ಸಾಲಿನಷ್ಟು ಸಣ್ಣ ಹೊಲಿಗೆಗಳು. ಅಲ್ಲೊಂದು ಕಡೆ ಚಿಟ್ಟೆಯ ಹಳೇ ಫ್ರಾಕಿನ ಹಳದಿ ಹೂವು. ಆ ಫ್ರಾಕ್ ಚಿಟ್ಟೆಗೆ ಎಷ್ಟು ಇಷ್ಟ ಎಂದು ಗುಬ್ಬಿಗೆ ಗೊತ್ತಿತ್ತು.

ಅವಳು ಫೋನನ್ನು ಜೇಬಿಗೆ ಹಾಕಿದಳು.

"ಬಾರೇ, ಗಾಳಿ ನಿಂತುಬಿಡತ್ತೆ."

ಆ ಸಂಜೆ ನೀಲಿ ಗಾಳಿಪಟ ಎಷ್ಟು ಮೇಲೇರಿತೆಂದರೆ, ಆಕಾಶದ ನೀಲಿಯೊಳಗೆ ಅದು ಕರಗಿಯೇ ಹೋಯಿತು. ಕಾಣುತ್ತಿದ್ದದ್ದು ಬಾಲ ಮಾತ್ರ. ಮೋಡಗಳ ನಡುವೆ ತನ್ನಷ್ಟಕ್ಕೆ ಈಜುತ್ತಿದ್ದ ಹಾಗೆ. ದಾರ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರ ಸರದಿ ಎಂದು ಯಾರೂ ಕೇಳಲಿಲ್ಲ.

ಮನೆಗೆ ಬಂದಾಗ ಅಕ್ಕ ಕೇಳಿದಳು. "ಆ್ಯಪ್ ಮುಗೀತೇನೇ?"

"ಇಲ್ಲಕ್ಕ. ಆ ಸದ್ದು ತೆಗೀಬೇಕು. ಕೆಂಪು ಬಣ್ಣಾನೂ."

"ಅಯ್ಯೋ, ಅದಕ್ಕೋಸ್ಕರ ನನ್ನ ಲೋಟ ನೆಗ್ಗಿಸಿದ್ಯಲ್ಲೇ!"

ಗುಬ್ಬಿ ನಗಲಿಲ್ಲ. ತೋಳಿಗೆ ಅಂಟಿದ್ದ ಹಳದಿ ನೂಲಿನ ಎಳೆಯೊಂದನ್ನು ಬಿಡಿಸಿ ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು:

"ಅಕ್ಕಾ, ಬೆಲೆ ಅನ್ನೋ ಜಾಗ ಖಾಲಿ ಬಿಟ್ರೂ ಮುಂದೆ ಹೋಗೋ ಹಾಗೆ ಮಾಡಕ್ಕಾಗತ್ತಾ?"