ಮೇಲಿನ ಗದ್ದೆಗೆ ಗೊಬ್ಬರ

ಕಾಲುವೆ ನೀರು ಮೊದಲು ಮಕ್ಬುಲಸಾಬನ ಮೇಲಿನ ಗದ್ದೆಯಲ್ಲಿ ಹೊಟ್ಟೆ ತುಂಬಿಸಿಕೊಂಡು, ಮಿಕ್ಕರೆ ಅದರ ಕೆಳಗಿನ ದೇವೇಂದ್ರಪ್ಪನ ಗದ್ದೆಗೆ ಬರುತ್ತಿತ್ತು. ಈ ಅನ್ಯಾಯ ಸಹಿಸಲಾಗದೆ ದೇವೇಂದ್ರಪ್ಪ ಕೋರ್ಟಿಗೆ ಹೋದ. ಆ ಮೇಲಿನ ಗದ್ದೆಯೂ ತನ್ನದೇ, ಮಕ್ಬುಲಸಾಬ ಒತ್ತುವರಿ ಮಾಡಿದ್ದಾನೆ ಎಂದು ವಾದಿಸಿ ಗೆದ್ದ. ಕೋರ್ಟಿನ ಅಮೀನನನ್ನು ಮುಂದೆ ನಿಲ್ಲಿಸಿಕೊಂಡು ಕಬ್ಜಾ ತೆಗೆದುಕೊಂಡ. ಕೆಲವು ಬೆಳೆ ಉಂಡಾದ ಮೇಲೆ ಮೇಲಿನ ಕೋರ್ಟು ಆ ಡಿಕ್ರಿಯನ್ನು ರದ್ದು ಮಾಡಿ, ಗದ್ದೆ ಹೇಗಿತ್ತೋ ಹಾಗೇ ವಾಪಸ್ ಕೊಡು ಎಂದಿತು.

ಕೊಡೋಣ, ಅದಕ್ಕೇನಂತೆ! ಆದರೆ 'ಹೇಗಿತ್ತೋ ಹಾಗೆ' ಎಂಬ ಮಾತು ಮಾತ್ರ ದೇವೇಂದ್ರಪ್ಪನ ಗಂಟಲಲ್ಲಿ ಇಳಿಯಲಿಲ್ಲ.

ಗಂಗಾವತಿ ಸೀಮೆಯಲ್ಲಿ ನೀರುಂಡ ಭೂಮಿ ಸವಳಾಗುವುದು ಹೊಸದಲ್ಲ. ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಹೆಪ್ಪುಗಟ್ಟುತ್ತದೆ, ನಾಟಿ ಮಾಡಿದ ಸಸಿ ಸಾಯುತ್ತದೆ, ಜನ ಹಣೆಬರಹ ಎನ್ನುತ್ತಾರೆ. ಹಣೆಬರಹದ ಮೇಲೆ ಯಾವ ಪೊಲೀಸನೂ ಕೇಸು ಹಾಕುವುದಿಲ್ಲ. ಇಷ್ಟು ಸುಲಭದ ದಾರಿ ವಕೀಲನಿಗೂ ಹೊಳೆದಿರಲಿಲ್ಲವಲ್ಲ ಎಂದು ದೇವೇಂದ್ರಪ್ಪನಿಗೆ ತನ್ನ ಬಗ್ಗೆಯೇ ಗೌರವ ಬಂತು.

ಒಂದೇ ಅಂಗಡಿಯಲ್ಲಿ ಕೊಂಡರೆ ಸುದ್ದಿಯಾಗುತ್ತದೆ. ಹಾಗಾಗಿ ಕುಷ್ಟಗಿ, ಯಲಬುರ್ಗಾ, ತಾವರಗೇರಾ ಸುತ್ತಿ, ತನಗಿಲ್ಲದ ಕುರಿಗಳ ಹೆಸರಲ್ಲಿ ಚೀಲಗಟ್ಟಲೆ ಉಪ್ಪು ತಂದ. ಸಗಣಿ ಗೊಬ್ಬರದಲ್ಲಿ ಕಲಸಿದ. ಕತ್ತಲಲ್ಲಿ ಕದ್ದು ಮಾಡುವುದು ದಡ್ಡರ ಕೆಲಸ. ಅವನು ಹಾಡಹಗಲೇ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ಮೇಲಿನ ಗದ್ದೆಯ ತುಂಬ ಹರಡಿದ.

ಮಕ್ಬುಲಸಾಬನ ಹೆಂಡತಿ ಹಸನಬೀ ಒಡ್ಡಿನ ಮೇಲೆ ನಿಂತು ನೋಡಿದಳು.

"ಬಿಟ್ಟುಕೊಡೋ ಹೊಲಕ್ಕ ಗೊಬ್ಬರ ಹಾಕ್ತೀರಲ್ರಿ ಅಣ್ಣಾರ! ಭಾಳ ದೊಡ್ಡ ಮನಸ್ಸು ನಿಮ್ದು."

"ಭೂಮಿತಾಯಿ ಏನ್ ತಪ್ಪು ಮಾಡ್ಯಾಳವ್ವಾ?" ಎಂದ ದೇವೇಂದ್ರಪ್ಪ. ಹೇಳುವಾಗ ಅವನ ಕಣ್ಣಲ್ಲೇ ನೀರು ಬಂತು.

ಗದ್ದೆ ವಾಪಸ್ಸಾಯಿತು. ಕಾಲುವೆಗೆ ನೀರು ಬಿಟ್ಟಾಗ ಮೇಲಿನ ಗದ್ದೆ ಅಲ್ಲಲ್ಲಿ ಬೆಳ್ಳಗಾಗಿತ್ತು. ದೇವೇಂದ್ರಪ್ಪ ತನ್ನ ನಾಟಿ ಮುಗಿಸಿದ. ವರ್ಷದ ಅನ್ನವೆಲ್ಲ ಆ ಸಸಿಯಲ್ಲೇ ಇತ್ತು. ಸಾಯುವ ಗದ್ದೆಯ ಬಳಿ ಸುಳಿದಾಡುವುದು ಬೇಡವೆಂದು, ಮಗಳು ದಾನೇಶ್ವರಿಯನ್ನು ನೋಡಲು ಕುಷ್ಟಗಿಗೆ ಹೊರಟ. ಹೋಗುವಾಗ ಯಾರಿಗೂ ಅನುಮಾನ ಬಾರದಿರಲೆಂದು ಒಂದು ಒಳ್ಳೆಯ ಮಾತನ್ನೂ ಆಡಿದ: "ಮಕ್ಬುಲಾ, ಆದದ್ದು ಆಗಿ ಹೋತು. ನಾ ಬರೋಮಟ ನನ್ನ ಸಸಿಗೂ ನೀರು ನೋಡ್ಕೋಪಾ."

"ಆತ್ರಿ ಅಣ್ಣಾರ."

ಮಗಳ ಮನೆಯಲ್ಲಿ ಹೋಳಿಗೆ ಉಂಡು, ವೈರಿಯ ಗೋಳನ್ನು ನೆನೆದು ಸೊಗಸಾಗಿ ನಿದ್ದೆ ಮಾಡಿದ. ಊರಿಗೆ ಮರಳಿದಾಗ ಹಳದಿಯಾಗಿ ತುದಿ ಸುಟ್ಟು ನಿಂತಿದ್ದ ಸಸಿ ಮಕ್ಬುಲಸಾಬನದಲ್ಲ, ತನ್ನದು. ಮಕ್ಬುಲಸಾಬ ಆಗತಾನೆ ನಾಟಿಗೆ ಗದ್ದೆ ಹದ ಮಾಡುತ್ತಿದ್ದ.

"ಮಣ್ಣು ಸವಳಾಗಿತ್ರಿ ಅಣ್ಣಾರ. ನಮ್ಮ ಕಡೆ ಎಲ್ಲಾರೂ ಮಾಡೋದ ಮಾಡಿದೆ. ನೀರು ನಿಲ್ಲಿಸೋದು, ಉಪ್ಪು ಕರಗಿಸೋದು, ಬಿಡೋದು. ಎಲ್ಲಾ ತೊಳದು ಹೋತು ನೋಡ್ರಿ. ನೀರು ಹನಿನೂ ಹಾಳು ಮಾಡ್ಲಿಲ್ಲ, ನೀವು ಹೇಳಿದಂಗ ನಿಮ್ಮ ಸಸಿಗೇ ಬಿಟ್ಟೀನಿ." ಅವನ ಮುಖದಲ್ಲಿ ಏನೂ ಇರಲಿಲ್ಲ. ಯಾರ ಉಪ್ಪು ಎಂದು ಹೇಳದೆ ಈ ನಷ್ಟಕ್ಕೆ ಯಾವ ಕೋರ್ಟಿನಲ್ಲಿ ದಾವೆ ಹೂಡುವುದು? ಆ ನೀರು ತನ್ನ ಗದ್ದೆಗೆ ಬಿಟ್ಟದ್ದೇ ತಪ್ಪು ಎನ್ನೋಣವೆಂದರೆ, ಮೇಲಿನ ಗದ್ದೆ ಬಿಟ್ಟ ನೀರಲ್ಲದೆ ತನ್ನ ಗದ್ದೆಗೆ ಬೇರೆ ನೀರೇ ಇಲ್ಲವೆಂದು ಜಡ್ಜ್ ಮುಂದೆ ಪ್ರಮಾಣ ಮಾಡಿ ಸಾಕ್ಷಿ ನುಡಿದವನು ದೇವೇಂದ್ರಪ್ಪನೇ.