ಚಿತ್ತೇಶನ ತಿಥಿ ಕಾರ್ಡು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. 2006ರಲ್ಲಿ ಹುಳಿಯಾರಿನ ನನ್ನ ಪ್ರೆಸ್ಸಿನಲ್ಲಿ ಮದುವೆ, ತಿಥಿ ಕಾರ್ಡು ಜೋಡಿಸಲು ಒಂದು ಬಿಟ್ಟಿ ಸಾಫ್ಟ್‌ವೇರ್ ಇತ್ತು. ಅದನ್ನು ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಿತ್ತು. ತಿದ್ದುತ್ತಿದ್ದವನು ಮಾತ್ರ ಅದನ್ನು ಬರೆದ ನನ್ನ ಗೆಳೆಯ ಚಿತ್ತೇಶ ಒಬ್ಬನೇ. ಅಟ್ಟದಲ್ಲಿ ಒಣಗಿದ ತೆಂಗಿನಕಾಯೊಂದನ್ನು ಕಿವಿಯ ಹತ್ತಿರ ಲೊಡಲೊಡ ಅಲ್ಲಾಡಿಸುತ್ತಾ ಯೋಚಿಸುವುದು ಅವನ ಚಾಳಿ.

ಅವನು ಸತ್ತ ಎಂಟನೇ ದಿನ, ಅವನದೇ ತಿಥಿ ಕಾರ್ಡು ಜೋಡಿಸುವಾಗ ಆ ಸಾಫ್ಟ್‌ವೇರ್ ಕೆಟ್ಟು ನಿಂತಿತು. ಎದುರಿಗೆ ಅವನ ತಾಯಿ ಮುದ್ದಕ್ಕ ಕಾಯುತ್ತಿದ್ದರು. ನನಗೆ ರೇಗಿತು.

"ಲೇ ಚಿತ್ತೇಶ, ಅರ್ಧಕ್ಕೆ ಬುಟ್ಟು ಹೋದ್ಯಲ್ಲೋ! ಬಂದು ಸರಿ ಮಾಡ್ಲಾ!"

ಮುದ್ದಕ್ಕ ಬೆಚ್ಚಿದರು. "ತಿಥಿ ಆಗೋಗಂಟ ಹೆಸರಿಡಿದು ಕರೀಬಾರ್ದು ಕಣಪ್ಪ. ಕೆಲ್ಸ ಅಂತೂ ಹೇಳ್ಲೇಬಾರ್ದು. ಹೇಳಿದ್ರೆ ಜೀವ ಇಲ್ಲೇ ಉಳ್ಕಂಬುಡ್ತದೆ."

ಮಟಮಟ ಮಧ್ಯಾಹ್ನ. ಪಕ್ಕದಲ್ಲಿದ್ದ ಅವನ ಖಾಲಿ ಕುರ್ಚಿಯ ಕಡೆಯಿಂದ ತಣ್ಣಗೆ ಗಾಳಿ ಬಂತು. ಲೊಡಲೊಡ ಸದ್ದಾಯಿತು. ಕಾರ್ಡು ತಾನಾಗಿ ಜೋಡಿಸಿಕೊಂಡಿತು.

"ಸಾಕು ಬುಡು ಮಗ, ಹೋಗು," ಎಂದು ಮುದ್ದಕ್ಕ ಕುರ್ಚಿಗೆ ಕೈಮುಗಿದು ಅತ್ತರು.

ತಿಥಿಯಾಗಿ ಮೂರು ವರ್ಷವಾಯಿತು. ಸಂತೆಗೆ ಬಂದಾಗಲೆಲ್ಲ ಮುದ್ದಕ್ಕ ಬಾಗಿಲಲ್ಲೇ ನಿಂತು, "ಹೋದ್ನೇನಪ್ಪಾ?" ಎನ್ನುತ್ತಾರೆ. "ಹೋದ ಕಣವ್ವ," ಎನ್ನುತ್ತೇನೆ.

ನನ್ನ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಆದರೂ ಸಾಫ್ಟ್‌ವೇರ್ ತೆರೆದರೆ ಕೆಳಗೆ 'ಕೊನೆಯ ತಿದ್ದುಪಡಿ: ಚಿತ್ತೇಶ್' ಎಂದಿರುತ್ತದೆ. ಹೆಸರಿನ ಪಕ್ಕದ ತಾರೀಕು ಯಾವಾಗಲೂ ಇವತ್ತಿನದೇ.