ಕೈಗುಣ

"ಹಾಲು ಕುಡಿಸಿದ್ದಾಯ್ತಲ್ಲ, ಇತ್ಲಾಗೆ ಕೊಡು. ಸುಮ್ನೆ ಮುಟ್ಟಬೇಡ."

ಅತ್ತೆ ಕೈಚಾಚಿದಳು. ಸೊಸೆ ಕೂಸನ್ನು ಕೊಟ್ಟಳು. ಹೆತ್ತ ಮಗು ಎದೆ ಬಿಟ್ಟ ಮೇಲೆ ಹೆತ್ತವಳದ್ದಲ್ಲ ಎನ್ನುವುದು ಈ ಮನೆಯ ಕಟ್ಟಳೆ! ಚೊಚ್ಚಲ ಗಂಡುಮಗು ಜ್ವರದಲ್ಲಿ ಬೆಂದು ತೀರಿಕೊಂಡಾಗ, ಬಂದವರಿಗೆಲ್ಲ ಅತ್ತೆ ಹೇಳಿದ್ದು ಒಂದೇ ಮಾತು: "ಏನ್ ಮಾಡೋದು, ನಮ್ಮ ಸೊಸೆ ಕೈಗುಣ." ಆ ಮಾತು ಸೊಸೆಯನ್ನು ಇಂದಿಗೂ ಬಿಟ್ಟಿರಲಿಲ್ಲ. ಸಾಬೂನು ಹಾಕಿ ಉಜ್ಜಿ ಉಜ್ಜಿ ಅಂಗೈ ಸುಲಿದುಹೋಗಿತ್ತು. ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಅಂಗಿಗೆ ಕಾಲರ್ ಕೂರಿಸುತ್ತಿರುವಾಗ ಪಕ್ಕದ ಕೋಣೆಯಲ್ಲಿ ಸತ್ತ ಮಗುವಿನ ಖಾಲಿ ತೊಟ್ಟಿಲು ಕಿರ್ರೆಂದಂತಾಗುತ್ತಿತ್ತು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ... ಈ ಎರಡನೆಯ ಕೂಸನ್ನು ಅತ್ತೆ ತನ್ನ ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಿದ್ದಳು.

ಹೊರಗಿನವರು ಆಡಿದ್ದರೆ ನುಂಗಿಕೊಳ್ಳಬಹುದಿತ್ತು. ಇವಳು ಅತ್ತೆಯ ಸ್ವಂತ ಅಣ್ಣನ ಮಗಳು. ಮದುವೆಗೆ ಮೊದಲೂ ಅತ್ತೆ, ಆಮೇಲೂ ಅತ್ತೆ. ಚಿಕ್ಕಂದಿನಲ್ಲಿ ತಲೆ ಬಾಚಿ, ಮುದ್ದು ಮಾಡಿ, "ನೀನು ನಮ್ಮನೆಗೇ ಬರೋಳು" ಎಂದು ಕೆನ್ನೆ ಹಿಂಡುತ್ತಿದ್ದವಳು.

ಈ ಕೂಸಿನ ಹೊಕ್ಕುಳಬಳ್ಳಿ ಇನ್ನೂ ಬಿದ್ದಿರಲಿಲ್ಲ. ಅದೇ ವಾರ ಊರಲ್ಲಿ ಹುಟ್ಟಿದ ಬೇರೆ ಮಕ್ಕಳದ್ದೆಲ್ಲ ಎಂದೋ ಉದುರಿಯಾಗಿತ್ತು. ಬುಡದಲ್ಲಿ ಕೆಂಪಗೆ ಹುಣ್ಣು ಬೇರೆ. ಅತ್ತೆಗೋ ಅದು ಕೀವಾಗದ್ದೇ ದೊಡ್ಡ ಹೆಮ್ಮೆ.

"ನೋಡು, ಹುಣ್ಣಾದ್ರೂ ಒಂದು ತೊಟ್ಟು ಕೀವಿಲ್ಲ. ಕೈ ಚೊಕ್ಕಟವಾಗಿದ್ರೆ ಹೀಗಿರತ್ತೆ."

ಸೊಸೆ ಬಗ್ಗಿ ನೋಡಿದಳು. ಮೊದಲನೆಯವನಿಗೂ ಹೀಗೇ... ಬಳ್ಳಿ ಬೀಳಲಿಲ್ಲ, ಕೀವೂ ಕಟ್ಟಲಿಲ್ಲ. ಮುಟ್ಟಿ ನೋಡಿದರೆ ಕೂಸಿನ ಹಣೆ ಸುಡುತ್ತಿತ್ತು.

"ಅತ್ತೆ, ಡಾಕ್ಟರಿಗೆ ತೋರಿಸೋಣ."

"ಒಂದನ್ನ ಕಳ್ಕೊಂಡಿದ್ದು ಸಾಲ್ದಾ ನಿಂಗೆ?"

ಅವಳು ಮಗುವನ್ನು ಕಿತ್ತುಕೊಂಡು ಬರಿಗಾಲಲ್ಲೇ ಬೀದಿಗಿಳಿದಳು. ಅತ್ತೆ ಬಾಯಿಗೆ ಬಂದಂತೆ ಬೈಯುತ್ತ ಆಸ್ಪತ್ರೆಯವರೆಗೂ ಹಿಂದೆಯೇ ಬಂದಳು.

ಮಗುವನ್ನು ಅಲ್ಲೇ ಉಳಿಸಿಕೊಂಡರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಮನೆಯವರನ್ನು ಕರೆದು ಕೂರಿಸಿದರು.

"ಕೀವು ಇಲ್ದೇ ಇರೋದೇ ಇಲ್ಲಿ ಕಾಯಿಲೆ. ಗಾಯ ಆದ ಕಡೆಗೆ ಬಿಳಿ ರಕ್ತಕಣಗಳು ತೆವಳ್ಕೊಂಡು ಹೋಗಿ ಹೋರಾಡ್ಬೇಕು. ಹಾಗೆ ಸತ್ತವೇ ಕೀವಾಗೋದು. ಕಣದೊಳಗೆ ಆಕ್ಟಿನ್ ಅನ್ನೋ ಎಳೆಗಳಿವೆ. ಹಿಂದಿಂದು ಬಿಚ್ಕೊಂಡು, ಮುಂದೆ ಕಟ್ಕೊಂಡು, ಹಾಗೇ ಕಣ ಮುಂದೆ ಸಾಗತ್ತೆ. ಬಿಚ್ಚೋದಕ್ಕೆ ಬೇಕಾದ ವಂಶವಾಹಿ ಈ ಮಗೂಲಿ ಕೆಟ್ಟಿದೆ. ಎಳೆಗಳು ಗಂಟಾಗಿ ಕಣ ಕೂತಲ್ಲೇ ಕೂತ್ಬಿಟ್ಟಿದೆ."

ದಿನವೂ ದಾರದ ಜೊತೆ ಏಗುವವಳಿಗೆ ಗಂಟೆಂದರೇನೆಂದು ಬಿಡಿಸಿ ಹೇಳಬೇಕಿರಲಿಲ್ಲ.

"ಇವಳ ತವರಿಂದ ಬಂದಿರ್ಬೇಕು," ಎಂದಳು ಅತ್ತೆ.

"ಅಪ್ಪ ಅಮ್ಮ ಇಬ್ಬರಿಂದಲೂ ಬಂದ್ರೇನೇ ಹೀಗಾಗೋದು. ಒಬ್ಬರಿಂದ ಬಂದ್ರೆ ಏನೂ ಗೊತ್ತಾಗಲ್ಲ, ಆರೋಗ್ಯವಾಗೇ ಇರ್ತಾರೆ. ಇವರಿಬ್ಬರೂ ಸಂಬಂಧದಲ್ಲೇ ಮದುವೆ ಆಗಿರೋದಲ್ವಾ?"

ಇವಳ ತವರೆಂದರೆ ಅತ್ತೆಯ ತವರೂ ಅದೇ. ಅಲ್ಲಿನ ಕೇಡು ಅಣ್ಣನಿಂದ ಮಗಳಿಗೂ, ಅತ್ತೆಯಿಂದ ಮಗನಿಗೂ ಇಳಿದಿತ್ತು. ಅತ್ತೆ ಹೊರಗೆ ಬಂದು ಬೆಂಚಿನ ಮೇಲೆ ಕೂತು, ತನ್ನ ಅಂಗೈ ನೋಡಿಕೊಳ್ಳುತ್ತ ಮಾತಾಡಿದಳು.

"ನಂಗೊಬ್ಬ ತಮ್ಮ ಇದ್ದ ಕಣೇ... ಅವನಿಗೂ ಬಳ್ಳಿ ಬೀಳ್ಲಿಲ್ಲ. ಸಣ್ಣ ಹುಡುಗಿ ನಾನು, ಸೊಂಟದ ಮೇಲೆ ಹೊತ್ಕೊಂಡು ತಿರುಗ್ತಿದ್ದೆ. ಹೋಗ್ಬಿಟ್ಟ. ಅಮ್ಮ ನನ್ನ ಕೈ ಮೇಲೆ ಹೊಡೆದು, ನಿನ್ನ ಕೈಗುಣ ಅಂದ್ಲು. ಸಾಯೋವರೆಗೂ ಅದನ್ನೇ ಅಂದ್ಲು. ನಿನ್ನ ಮಗ ಹೋದಾಗ... ಆ ಮಾತನ್ನ ನಿನ್ನ ಮೇಲೆ ಹಾಕಿ ನಾನು ಹಗುರಾದೆ ಅನ್ಕೊಂಡೆ."

ಸೊಸೆಗೆ ಅಳು ಬರಲಿಲ್ಲ. "ಅದನ್ನ ಮೊದಲೇ ಹೇಳಿದ್ರೆ, ಈ ಸಲನಾದ್ರೂ ಬೇಗ ಬರ್ತಿದ್ವಲ್ಲ ಅತ್ತೆ," ಎಂದಷ್ಟೇ ಅಂದಳು.

ಮಗುವಿಗೆ ಬೇರೆಯವರ ಮೂಳೆಮಜ್ಜೆ ಹಾಕದೆ ಬದುಕಿಲ್ಲ ಎಂದರು. "ನಂದು ತಗೊಳ್ಳಿ" ಎಂದು ಅತ್ತೆ ಗೋಗರೆದಳು. ವಯಸ್ಸಾಯಿತೆಂದು ಬಿಟ್ಟು, ಮಗುವಿನ ಅಪ್ಪನದನ್ನು ತೆಗೆದರು. ಕೂಸು ಗಾಜಿನ ಕೋಣೆಯೊಳಗೆ, ತಾಯಿ ಅದರ ಪಕ್ಕದಲ್ಲಿ. ಅತ್ತೆ ಮಾತ್ರ ಗಾಜಿನಾಚೆ, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ನಿಂತಿರುತ್ತಿದ್ದಳು.

ವಾರಗಳು ಕಳೆದವು. ಒಂದು ಬೆಳಗ್ಗೆ ಬಟ್ಟೆ ಬಿಚ್ಚಿ ನೋಡಿದರೆ, ಹೊಕ್ಕುಳ ಬುಡದಲ್ಲಿ ಹಳದಿಯ ಒಂದು ಹನಿ. ಕೀವು! ಡಾಕ್ಟರಮ್ಮ ಬಗ್ಗಿ ನೋಡಿ, "ಬಿಳಿ ಕಣಗಳು ನಡ್ಕೊಂಡು ಬಂದಿವೆ ಕಣಮ್ಮಾ" ಎಂದರು. ಮಗುವಿನ ಹುಣ್ಣು ಕೀವಾಯಿತೆಂದು ಯಾವ ತಾಯಿ ಇಷ್ಟು ಸಂತೋಷಪಟ್ಟಾಳು? ಅವಳು ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ಮತ್ತೆ ಕೆಲವು ದಿನಗಳಲ್ಲಿ ಮನೆಯವರನ್ನು ಒಳಗೆ ಬಿಟ್ಟರು. ಅತ್ತೆ ಹೊಸ್ತಿಲು ದಾಟಲಿಲ್ಲ.

"ಬೇಡ ಕಣೇ... ನನ್ನ ಕೈ..."

"ಸಾಬೂನು ಅಲ್ಲಿದೆ, ತೊಳ್ಕೊಂಡು ಬನ್ನಿ. ಹುಣ್ಣನ್ನ ನೀವೇ ಒರೆಸಿ, ಅತ್ತೆ."

ಅತ್ತೆ ತುಂಬಾ ಹೊತ್ತು ಕೈ ತೊಳೆದಳು. ಹತ್ತಿ ಹಿಡಿದು, ಮೆಲ್ಲಗೆ ಒರೆಸಿದಳು. ಕೂಸು ಕಿಟಾರನೆ ಕಿರುಚಿ ಕಾಲು ಝಾಡಿಸಿತು.

ಮಗು ಮನೆಗೆ ಬಂತು, ತಾಯಿಯ ಮಗ್ಗುಲು ಸೇರಿತು. ಪಕ್ಕದ ಕೋಣೆಯ ಆ ಖಾಲಿ ತೊಟ್ಟಿಲು ಮಾತ್ರ ಈಗಲೂ ಕಿರ್ರೆನ್ನುತ್ತದೆ. ಎದ್ದು ಹೋಗಿ ನೋಡುವವರು ಈಗ ಇಬ್ಬರು.